ಪ್ಲೇಟಿಂಗ್ ಇರುವ ಸಿಲಿಂಡರನ್ನು ಬೋರ್ ಮಾಡಲು ಕೊಡಬೇಡಿ

ಸೆಕೆಂಡ್ ಹ್ಯಾಂಡ್ ಮೋಟೋಕ್ರಾಸ್ ಬೈಕ್ ತಗೊಂಡವರು, ಅದರಲ್ಲೂ ಟೂ ಸ್ಟ್ರೋಕ್ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನನಗಾದ ನಷ್ಟ ನಿಮಗೆ ಆಗಬಾರದು. ಪ್ಲೇಟಿಂಗ್ ಅಂದರೆ ಸಿಲಿಂಡರಿನ ಒಳಗೋಡೆಯ ಮೇಲಿನ ತೆಳುವಾದ ಗಟ್ಟಿ ಲೇಪನ, ಬೋರ್ ಮಾಡುವುದು ಅಂದರೆ ಆ ಗೋಡೆಯನ್ನು ಕೊರೆದು ಅಗಲ ಮಾಡುವುದು.

ನನ್ನದು 125 ಸಿಸಿ ಗಾಡಿ, ಬೋರ್ (ಸಿಲಿಂಡರಿನ ಒಳವ್ಯಾಸ) 54 ಎಂಎಂ. ಬೇಸಿಗೆ ಪೂರ್ತಿ ಬೆಂಗಳೂರಿನ ಹೊರಗಿನ ಮಣ್ಣಿನ ಟ್ರ್ಯಾಕ್‌ನಲ್ಲಿ ಓಡಿಸಿದ್ದೆ. ಕಂಪ್ರೆಷನ್ ಬಿದ್ದುಹೋಯಿತು. ಕಿಕ್ಕರ್ ತುಳಿದರೆ ತಡೆಯೇ ಇಲ್ಲದೆ ಕಾಲು ಕೆಳಗಿಳಿಯುತ್ತಿತ್ತು. ಗ್ಯಾರೇಜ್‌ನವರು ಬಿಚ್ಚಿ ನೋಡಿ, "ಬೋರ್ ಸವೆದಿದೆ ಸರ್, ಅರ್ಧ ಎಂಎಂ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕೋಣ" ಅಂದರು. ಯಮಹಾ ಆರ್‌ಎಕ್ಸ್ 100ಗೆ ಹೀಗೇ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಒಪ್ಪಿಕೊಂಡೆ.

ಲೇತ್‌ಗೆ ನಾನೂ ಹೋಗಿದ್ದೆ. ಟೂಲ್ ತಾಗಿದ ಕೂಡಲೇ ಕಿರ್ರೆಂದು ಸದ್ದು. ಎರಡು ಸಲ ಮೊನೆ ಹೋಗಿ ಬದಲಿಸಬೇಕಾಯಿತು. "ಬಹಳ ಗಟ್ಟಿ ಐತೆ ಸರ್ ಬ್ಲಾಕು" ಅಂದರು ಲೇತ್‌ನವರು. ಆಮೇಲೆ ಇದ್ದಕ್ಕಿದ್ದಂತೆ ಸಲೀಸಾಗಿ ಕೊರೆಯತೊಡಗಿತು. ಕೆಳಗೆ ಬಿದ್ದ ಚೂರುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಅದು ಅಲ್ಯೂಮಿನಿಯಂ. ಪ್ಲೇಟಿಂಗ್ ಅಷ್ಟೂ ಹೋಗಿತ್ತು. ಅಲ್ಲಿದ್ದ ಯಾರಿಗೂ ಅದು ಹೊಳೆಯಲಿಲ್ಲ.

ಆರ್‌ಎಕ್ಸ್ 100ರ ಬ್ಲಾಕ್ ಒಳಗೆ ಎರಕದ ಕಬ್ಬಿಣದ ಸ್ಲೀವ್ (ಕೊಳವೆ) ಇದೆ, ಕೊರೆದರೂ ಕಬ್ಬಿಣವೇ ಉಳಿಯುತ್ತದೆ. ನನ್ನ ಗಾಡಿಯದು ಬರೀ ಅಲ್ಯೂಮಿನಿಯಂ, ಅದರ ಮೇಲೆ ನಿಕಾಸಿಲ್. ನಿಕ್ಕಲ್ ಒಳಗೆ ಸಿಲಿಕಾನ್ ಕಾರ್ಬೈಡ್ ಕಣ ಸೇರಿಸಿದ ಲೇಪನ ಅದು. ಜರ್ಮನಿಯ ಮಾಹ್ಲೆ ಕಂಪನಿ 1967ರಲ್ಲಿ ವ್ಯಾಂಕೆಲ್ ಇಂಜಿನ್‌ಗಾಗಿ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವುದು) ಮಾಡಿದ್ದು. ಬಹಳ ಗಟ್ಟಿ, ಆದರೆ ದಪ್ಪ ಹೆಚ್ಚೆಂದರೆ 0.1 ಎಂಎಂ ಆಸುಪಾಸು. ಅರ್ಧ ಎಂಎಂ ಬೋರ್ ಅಂದರೆ ಒಂದೊಂದು ಬದಿಯಲ್ಲಿ ಕಾಲು ಎಂಎಂ. ಏನು ಉಳಿಯುತ್ತೆ ಹೇಳಿ?

ಟ್ರ್ಯಾಕ್‌ಗೆ ಇಳಿಸಿ ಇಪ್ಪತ್ತು ನಿಮಿಷ ಆಗಿರಲಿಲ್ಲ. ಮೂರನೇ ಗೇರ್‌ನಲ್ಲಿ ಹಿಂದಿನ ಚಕ್ರ ಲಾಕ್ ಆಯಿತು. ಕ್ಲಚ್ ಹಿಡಿಯುವುದರೊಳಗೆ ಬಿದ್ದಿದ್ದೆ. ಮೊಣಕೈ ತರಚಿತು, ಅಷ್ಟೇ. ಹಿಂದೆ ಯಾರಾದರೂ ಬರುತ್ತಿದ್ದರೆ ಅನ್ನುವುದೇ ಈಗಲೂ ಭಯ. ಅಲ್ಯೂಮಿನಿಯಂ ಪಿಸ್ಟನ್ ಅಲ್ಯೂಮಿನಿಯಂ ಗೋಡೆಗೇ ಅಂಟಿಕೊಂಡಿತ್ತು. ಚೂರುಗಳು ಕ್ರ್ಯಾಂಕ್ ಬೇರಿಂಗ್‌ಗೂ ಹೋಗಿದ್ದವು.

ಇಲ್ಲಿಗೆ ಮುಗಿಯಲಿಲ್ಲ. ಇನ್ನೊಬ್ಬರು "ಹಾರ್ಡ್ ಕ್ರೋಮ್ ಮಾಡಿಕೊಡ್ತೀವಿ, ಎರಡೂ ಒಂದೇ" ಅಂದರು. ಒಂದೇ ಅಲ್ಲ. ಕ್ರೋಮ್ ಗೋಡೆಗೆ ಕ್ರೋಮ್ ಪಿಸ್ಟನ್ ರಿಂಗ್ ಹಾಕಿದರೆ ಎರಡೂ ಕೆರೆದುಕೊಂಡು ಹಾಳಾಗುತ್ತವೆ. ಪುಣ್ಯಕ್ಕೆ ಅದಕ್ಕೆ ಮೊದಲು ಒಬ್ಬ ಹಳೇ ರೇಸರ್‌ನ ಕೇಳಿದೆ, ಅವರು ತಡೆದರು.

ಕೊನೆಗೆ ನಿಕಾಸಿಲ್ ಲೇಪನವನ್ನೇ ಮಾಡುವವರಿಗೆ ಕಳಿಸಿದೆ. ನೀವೂ ಕಳಿಸುವುದಾದರೆ ಹಾಕುವ ಪಿಸ್ಟನ್‌ನೂ ಜೊತೆಗೆ ಕೊಡಿ. ಅದರ ಅಳತೆ ನೋಡಿಯೇ ಡೈಮಂಡ್ ಹೋನಿಂಗ್ (ವಜ್ರದ ಕಲ್ಲಿನಿಂದ ಒಳಗೋಡೆ ಉಜ್ಜಿ ಅಳತೆಗೆ ತರುವುದು) ಮಾಡಬೇಕು. ಪೋರ್ಟ್‌ಗಳ (ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳ) ಅಂಚು ಮೊಂಡು ಮಾಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಚೂಪಾಗಿ ಬಿಟ್ಟರೆ ರಿಂಗ್ ಸಿಕ್ಕಿಕೊಳ್ಳುತ್ತದೆ, ಲೇಪನವೂ ಅಲ್ಲಿಂದಲೇ ಎದ್ದು ಬರುತ್ತದೆ. ಮೇಲೆ, ನಡುವೆ, ಕೆಳಗೆ ಬೋರ್ ಗೇಜ್ ಅಳತೆ ಬರೆಸಿಕೊಳ್ಳಿ.

ಯಾವ ಸಿಲಿಂಡರ್ ಅಂತ ಸಂಶಯ ಇದ್ದರೆ ಮೊದಲು ಸರ್ವಿಸ್ ಮ್ಯಾನ್ಯುಯಲ್ ನೋಡಿ. ಆಯಸ್ಕಾಂತವನ್ನೂ ಬೋರ್ ಒಳಗೆ ಇಟ್ಟು ನೋಡಬಹುದು. ಕಬ್ಬಿಣದ ಸ್ಲೀವ್ ಆದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನಿಕ್ಕಲ್ ಕೂಡ ಸ್ವಲ್ಪ ಎಳೆಯುತ್ತದೆ, ಅದಕ್ಕೆ ಮೋಸ ಹೋಗಬೇಡಿ.

ಮೊದಲನೇ ಸಲ ಬೋರ್ ಸವೆದದ್ದು ಯಾಕೆ ಅಂತ ನಾನು ಆಗ ನೋಡಿರಲೇ ಇಲ್ಲ. ಮೊನ್ನೆ ಕಾರ್ಬ್ಯುರೇಟರ್‌ನ ಹಿಂದಿನ ರಬ್ಬರ್ ಒಳಗೆ ಬಿಳಿ ಬಟ್ಟೆ ಒರೆಸಿದೆ. ಕೆಂಪು ಮಣ್ಣು ಬಂತು. ಏರ್ ಫಿಲ್ಟರ್ ಅಂಚು ಒಂದು ಕಡೆ ಸರಿಯಾಗಿ ಕೂತಿರಲಿಲ್ಲ. ಸಿಲಿಂಡರ್ ವಾಪಸ್ ಬರುವುದರೊಳಗೆ ಹೊಸ ಫಿಲ್ಟರ್ ತಂದು, ಎಣ್ಣೆ ಹಾಕಿ, ಅಂಚಿಗೆ ಗ್ರೀಸ್ ಹಚ್ಚಿ ಕೂರಿಸಿದ್ದೇನೆ.