ಸಿಪ್ಯಾಪ್ ಯಂತ್ರ: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗೆ, ಅಂದರೆ ಸ್ಲೀಪ್ ಆಪ್ನಿಯಾಗೆ, ವೈದ್ಯರು ಬರೆದುಕೊಟ್ಟ, ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರವನ್ನು 14 ತಿಂಗಳಿಂದ ಪ್ರತಿ ರಾತ್ರಿ ಬಳಸುತ್ತಿದ್ದೇನೆ. ಗಾಳಿಯ ಒತ್ತಡವನ್ನು 4ರಿಂದ 20 ಸೆಂಟಿಮೀಟರ್ ನೀರಿನ ಅಳತೆಯೊಳಗೆ ತಾನೇ ಹೊಂದಿಸಿಕೊಳ್ಳುವ, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಇರುವ ಮಾದರಿ ಇದು. ಮಾಸ್ಕ್ ಸೇರಿ ಸುಮಾರು 50 ಸಾವಿರ ರೂಪಾಯಿ ಆಯಿತು. ಯಂತ್ರದ ಬಗ್ಗೆ ನನಗೆ ದೂರಿಲ್ಲ. ಅದನ್ನು ಮಾರಿದ ಅಂಗಡಿಯ ಬಗ್ಗೆ ಇದೆ.

ಗೊರಕೆ ಗಾಢ ನಿದ್ರೆಯ ಗುರುತು ಎಂದು ನಂಬಿದವರಲ್ಲಿ ನಾನೂ ಒಬ್ಬನಾಗಿದ್ದೆ. ಆ ಗೊರಕೆ ನಡುವೆ ಥಟ್ಟನೆ ನಿಂತು, ಕೋಣೆಯೆಲ್ಲ ನಿಶ್ಶಬ್ದವಾಗಿ, ಆಮೇಲೆ ಉಸಿರು ಬುಸ್ಸೆಂದು ಮರಳುವುದನ್ನು ಗಮನಿಸಿದವಳು ನನ್ನ ಪತ್ನಿ. ಅವಳಿಗೆ ಭಯವಾಗುತ್ತಿದ್ದದ್ದು ಗೊರಕೆಯಿಂದಲ್ಲ, ಆ ನಿಶ್ಶಬ್ದದಿಂದ. ತಲೆಗೆ, ಕಣ್ಣಂಚಿಗೆ, ಗದ್ದಕ್ಕೆ, ಕಾಲಿಗೆ ತಂತಿ ಅಂಟಿಸಿ, ಎದೆಗೂ ಹೊಟ್ಟೆಗೂ ಪಟ್ಟಿ ಕಟ್ಟಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ನೋಡಿದಾಗ, ಗಂಟೆಗೆ 38 ಬಾರಿ ನನ್ನ ಉಸಿರು ನಿಲ್ಲುತ್ತಿತ್ತು ಇಲ್ಲವೇ ಕುಗ್ಗುತ್ತಿತ್ತು. ಇದು 5ಕ್ಕಿಂತ ಕಡಿಮೆಯಿದ್ದರೆ ಸಹಜ, 30ನ್ನು ದಾಟಿದರೆ ತೀವ್ರ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಕೆಲವೇ ಕ್ಷಣ ಎಚ್ಚೆತ್ತು ದಾರಿ ತೆರೆಸುತ್ತದೆ. ಆ ಎಚ್ಚರ ಎಷ್ಟು ಚಿಕ್ಕದೆಂದರೆ ಬೆಳಿಗ್ಗೆ ನೆನಪಿರುವುದಿಲ್ಲ, ಉಳಿಯುವುದು ತಲೆನೋವು ಮತ್ತು ಮಧ್ಯಾಹ್ನದ ತೂಕಡಿಕೆ ಮಾತ್ರ.

ಈ ಯಂತ್ರ ಆಮ್ಲಜನಕ ಕೊಡುತ್ತದೆಂದು ಹಲವರು ತಿಳಿದಿದ್ದಾರೆ. ಇಲ್ಲ, ಕೋಣೆಯ ಗಾಳಿಯನ್ನೇ ಹದವಾದ ಒತ್ತಡದಲ್ಲಿ ಕಳುಹಿಸಿ ಗಂಟಲು ಮುಚ್ಚಿಕೊಳ್ಳದಂತೆ ಹಿಡಿದಿಡುತ್ತದೆ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1980ರಲ್ಲಿ ಇದನ್ನು ರೋಗಿಗಳ ಮೇಲೆ ಮೊದಲು ಪ್ರಯೋಗಿಸಿ, 1981ರಲ್ಲಿ ಪ್ರಕಟಿಸಿದರು. ಆರಂಭದ ಯಂತ್ರಗಳು ವ್ಯಾಕ್ಯೂಮ್ ಕ್ಲೀನರಿನ ಮೋಟಾರಿನಿಂದ ಓಡುತ್ತಿದ್ದವು. ನನ್ನ ಯಂತ್ರದ ಸದ್ದು ಫ್ಯಾನಿನ ಸದ್ದಿನಲ್ಲಿ ಅಡಗಿಹೋಗುತ್ತದೆ.

ಅಂಗಡಿಯವರು ಮಾತ್ರ ನನ್ನ ಮುಖವನ್ನು ಅಳೆಯಲೇ ಇಲ್ಲ. ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕನ್ನು ಕುರ್ಚಿಯಲ್ಲಿ ಕೂರಿಸಿಯೇ ತೊಡಿಸಿ ಕಳುಹಿಸಿದರು. ಮಲಗಿದಾಗ ಕೆನ್ನೆಯ ಮಾಂಸ ಜಾರಿ ಮುಖದ ಆಕಾರವೇ ಬದಲಾಗುವುದರಿಂದ ಗಾಳಿ ಕಣ್ಣಿಗೆ ನುಗ್ಗುತ್ತಿತ್ತು, ಪಟ್ಟಿ ಬಿಗಿದರೆ ಮೂಗಿನ ಮೇಲೆ ಕೆಂಪು ಬರೆ ಬೀಳುತ್ತಿತ್ತು, ನನ್ನ ಮೀಸೆಯ ಕೆಳಗಿಂದಲೂ ಗಾಳಿ ಸೋರುತ್ತಿತ್ತು. ಮೂರು ಬಾರಿ ಫೋನು ಮಾಡಿದರೂ ಸಿಕ್ಕಿದ್ದು ‘ಅಭ್ಯಾಸವಾಗುತ್ತದೆ ಸರ್’ ಎಂಬ ಒಂದೇ ಉತ್ತರ. ಎರಡು ವಾರ ನಿದ್ದೆಗಣ್ಣಿನಲ್ಲೇ ಮಾಸ್ಕ್ ಕಿತ್ತೆಸೆಯುತ್ತಿದ್ದ ನಾನು ಯಂತ್ರವನ್ನೇ ಮೂಲೆಗಿಡುವವನಿದ್ದೆ. ಕೊನೆಗೆ ನಿದ್ರಾ ಪರೀಕ್ಷೆ ಮಾಡಿದ್ದ ಟೆಕ್ನಿಷಿಯನ್ ಒಬ್ಬರು ಮೂಗಿನ ಅಗಲ ಅಳೆದು, ಮೂಗಿಗಷ್ಟೇ ಕೂರುವ ಚಿಕ್ಕ ಮಾಸ್ಕ್ ತೊಡಿಸಿ, ಮಂಚದ ಮೇಲೆ ಮಲಗಿಸಿ, ಯಂತ್ರ ಓಡಿಸಿ, ಮಗ್ಗುಲು ಬದಲಾಯಿಸಿ ನೋಡಿದರು. ಇಪ್ಪತ್ತು ನಿಮಿಷದ ಆ ಕೆಲಸವನ್ನು ಅಂಗಡಿಯವರೇ ಮೊದಲ ದಿನ ಮಾಡಿಕೊಡಬೇಕಿತ್ತು. ಕೊಳ್ಳುವವರು ಹಣ ಕೊಡುವ ಮೊದಲೇ ಹೀಗೆ ಮಲಗಿ ನೋಡಲು ಒತ್ತಾಯಿಸಬೇಕು. ಹೊಂದದಿದ್ದರೆ ಮಾಸ್ಕ್ ಬದಲಾಯಿಸಿಕೊಡುವ ಮಾತನ್ನು ರಸೀದಿಯಲ್ಲೇ ಬರೆಸಿಕೊಳ್ಳಬೇಕು.

ಹೊಸ ಮಾಸ್ಕ್ ಬಂದ ಮೂರನೆಯ ರಾತ್ರಿಯಿಂದ, ವರ್ಷಗಳಿಂದ ಮರೆತೇಹೋಗಿದ್ದ ಕನಸುಗಳು ದಂಡುದಂಡಾಗಿ ಬಂದವು. ಕನಸುಗಳು ಹೆಚ್ಚು ಸ್ಪಷ್ಟವಾಗಿ ಬೀಳುವ, ರೆಮ್ ಎಂಬ ನಿದ್ರೆಯ ಹಂತದಲ್ಲಿ ಸ್ನಾಯುಗಳು ಅತಿ ಹೆಚ್ಚು ಸಡಿಲವಾಗುವುದರಿಂದ, ಉಸಿರು ಕಟ್ಟುವುದೂ ಅನೇಕರಲ್ಲಿ ಅಲ್ಲೇ ಹೆಚ್ಚು. ಹೀಗೆ ಒಡೆದುಹೋಗಿದ್ದ ಆ ಹಂತವನ್ನು ಚಿಕಿತ್ಸೆಯ ಮೊದಲ ರಾತ್ರಿಗಳಲ್ಲಿ ಮಿದುಳು ಬಾಕಿ ತೀರಿಸುವಂತೆ ಮರಳಿ ಪಡೆಯುತ್ತದೆ ಎಂದು ವೈದ್ಯರು ವಿವರಿಸಿದರು. ತೀರಿಹೋದ ನನ್ನ ಅಜ್ಜಿ ಹಿತ್ತಲಲ್ಲಿ ಕರಿಬೇವು ಬಿಡಿಸುತ್ತಿರುವುದನ್ನು ಕಂಡು ಎದ್ದ ಬೆಳಿಗ್ಗೆ ನನಗೆ ತಲೆನೋವಿರಲಿಲ್ಲ.

ನಿರ್ವಹಣೆ ಕಷ್ಟವಲ್ಲ. ಹ್ಯುಮಿಡಿಫೈಯರಿನ ಡಬ್ಬಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ಏಕೆಂದರೆ ಕುದಿಸಿ ಆರಿಸಿದ ನೀರಿನಲ್ಲೂ ಲವಣ ಉಳಿದು ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಮಾಸ್ಕಿನ ಮೆತ್ತೆಯನ್ನು ದಿನವೂ ಸೌಮ್ಯ ಸೋಪಿನಲ್ಲಿ ತೊಳೆಯುತ್ತೇನೆ. ಉಸಿರು ಕಟ್ಟುವುದು ಈಗ ಗಂಟೆಗೆ 2 ಅಥವಾ 3 ಬಾರಿ ಎಂದು ಯಂತ್ರದ ಪರದೆ ತೋರಿಸುತ್ತದೆ.

ಕರೆಂಟ್ ಹೋಗುವ ಊರಿನವರಿಗೆ ಇನ್ವರ್ಟರ್ ಬೇಕೇ ಬೇಕು; ಹ್ಯುಮಿಡಿಫೈಯರಿನ ಬಿಸಿಯನ್ನು ನಿಲ್ಲಿಸಿದರೆ ಯಂತ್ರ ಎಳೆಯುವ ವಿದ್ಯುತ್ ಬಹಳ ಕಡಿಮೆಯಾಗುತ್ತದೆ. ನಾವು ಇನ್ವರ್ಟರ್ ಹಾಕಿಸುವ ಮೊದಲು, ಕರೆಂಟ್ ಹೋಗಿ ಯಂತ್ರ ನಿಂತ ರಾತ್ರಿಗಳಲ್ಲಿ ನನಗಿಂತ ಮೊದಲು ಎಚ್ಚರವಾಗುತ್ತಿದ್ದದ್ದು ನನ್ನ ಪತ್ನಿಗೆ.