80 ಮನೆಯ ಬೋರ್ಡ್ ಬೀರು ಹತ್ತಿದ ಕಥೆ

ಆಸೆಪಟ್ಟು ತಂದ 80 ಮನೆಯ ಬೋರ್ಡ್ ಈಗ ಬೀರುವಿನ ಮೇಲೆ ಧೂಳು ತಿನ್ನುತ್ತಿದೆ. ಕೊಂಡಿದ್ದು ಕಾಪಾಬ್ಲಾಂಕಾ ಚೆಸ್‌ಗೆ. ದಿನಾ ಆಡುವುದು ಸೈರಾವಾನ್ ಚೆಸ್, ಅದೂ ಹಳೇ 64 ಮನೆಯ ಬೋರ್ಡಿನಲ್ಲೇ.

ಎರಡೂ ಮಾಮೂಲಿ ಚೆಸ್‌ಗೆ ಎರಡು ಬಗೆಯ ಹೊಸ ಕಾಯಿ ಸೇರಿಸಿದ ಆಟಗಳು, ಆ ಕಾಯಿಗಳೂ ಒಂದೇ. ಒಂದು ಒಂಟೆಯಂತೆಯೂ ಕುದುರೆಯಂತೆಯೂ ನಡೆಯುತ್ತದೆ, ಇನ್ನೊಂದು ಆನೆಯಂತೆಯೂ ಕುದುರೆಯಂತೆಯೂ. ಇವಕ್ಕೆ ಜಾಗ ಮಾಡಲು 1920ರ ದಶಕದಲ್ಲಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಬೋರ್ಡನ್ನೇ 10 ಮನೆ ಅಗಲ ಮಾಡಿದರು. ನಾನು ಎಡವಿದ್ದು ಅಲ್ಲೇ.

ಬಿಳಿಯ ಆರ್ಚ್‌ಬಿಷಪ್, ಅಂದರೆ ಒಂಟೆ-ಕುದುರೆ, ಸಿ1ರಲ್ಲಿ ಕೂತಿರುತ್ತದೆ. ಡಿ ಪೇದೆಯನ್ನು ತಳ್ಳಿದರೆ ಸಾಕು, ಓರೆ ದಾರಿ ನೇರ ಐ7ಕ್ಕೆ. ಆ ಪೇದೆಗೆ ಕಾವಲೇ ಇಲ್ಲ! ತಮ್ಮ ತಳ್ಳಿದ. ನಾನು ಸುಮ್ನೆ ನಡುವಿನ ಪೇದೆ ಆಡಿದೆ. ಎರಡನೇ ನಡೆಗೇ ಅವನು ಐ7ಕ್ಕೆ ಬಂದು ಕೂತ. ನನ್ನ ಆನೆ, ಒಂಟೆ, ಚಾನ್ಸಲರ್ (ಅಂದರೆ ಆನೆ-ಕುದುರೆ) ಮೂರಕ್ಕೂ ಗುರಿ. ಯಾವುದನ್ನು ಉಳಿಸೋದು?

ಕುದುರೆಯನ್ನು ಎಚ್6ಕ್ಕೆ ತಂದರೆ ದಾರಿ ಮುಚ್ಚುತ್ತದೆ, ನಿಜ. ಆದರೆ ಕಪ್ಪು ಹಿಡಿದಾಗಲೆಲ್ಲ ಆಟ ಈ ಒಂದು ಪೇದೆಯನ್ನು ಕಾಯುತ್ತಲೇ ಶುರುವಾದರೆ ಏನು ಮಜಾ?

2007ರಲ್ಲಿ ಬಂದ ಸೈರಾವಾನ್ ಚೆಸ್‌ನಲ್ಲಿ ಈ ತಾಪತ್ರಯವಿಲ್ಲ. ಹೊಸ ಕಾಯಿಗಳು ಬೋರ್ಡಿನ ಹೊರಗೆ ಕಾಯುತ್ತವೆ. ಹಿಂದಿನ ಸಾಲಿನ ಕಾಯಿ ಮೊದಲ ಸಲ ಕದಲಿದಾಗ, ಅದು ಬಿಟ್ಟ ಮನೆಗೆ ಬೇಕಾದರೆ ಒಂದನ್ನು ಇಳಿಸಬಹುದು. ಎಲ್ಲವೂ ಕದಲುವವರೆಗೆ ಸುಮ್ಮನಿದ್ದರೆ ಅವಕಾಶ ಹೋಯಿತು. ಇಲ್ಲಿ ಆನೆ-ಕುದುರೆಗೆ 'ಎಲಿಫೆಂಟ್' ಅಂತ ಹೆಸರು. ನಮ್ಮಲ್ಲಿ ಆನೆ ಆಗಲೇ ಮೂಲೆಯಲ್ಲಿದೆ ಅಲ್ವಾ? ನಾವು ಇದನ್ನು ಸಲಗ ಅಂತೀವಿ. ಒಂಟೆ-ಕುದುರೆ ಇಲ್ಲಿ ಗಿಡುಗ.

ಬೆಲೆಯ ಲೆಕ್ಕದಲ್ಲೂ ಪೆಟ್ಟು ತಿಂದೆ. ಒಂಟೆ 3, ಕುದುರೆ 3, ಹಾಗಾಗಿ ಗಿಡುಗ 6 ಅಂದುಕೊಂಡು ಒಂದು ಆನೆ, ಒಂದು ಪೇದೆಗೆ ಬಿಟ್ಟುಕೊಟ್ಟೆ. ಸೋತೆ. ರಾಜ ಎ1 ಮೂಲೆಯಲ್ಲಿದ್ದಾಗ ಸಿ3ರಲ್ಲಿ ಗಿಡುಗ ಇಟ್ಟು ನೋಡಿ: ಮೂಲೆಗೂ ಶಹ, ಸುತ್ತಲಿನ ಮೂರು ಮನೆಗೂ ಬೀಗ. ಇನ್ನೊಂದು ಕಾಯಿಯ ನೆರವಿಲ್ಲದೆ ಚೆಕ್‌ಮೇಟ್! ರಾಣಿಗೂ ಒಂಟಿಯಾಗಿ ಇದು ಆಗದು. ರಾಣಿ 9 ಆದರೆ ಗಿಡುಗಕ್ಕೆ ನಾನು 8 ಕೊಡುತ್ತೇನೆ, ಸಲಗಕ್ಕೆ ಎಂಟೂವರೆ.

ಕ್ರೇಜಿಹೌಸ್ ಎಂಬ ಇನ್ನೊಂದು ಬಗೆಯ ಚೆಸ್ ಕೂಡ ಆಡಿದೆ. ಹೊಡೆದ ಕಾಯಿ ನಮ್ಮ ಬಣ್ಣಕ್ಕೆ ತಿರುಗುವುದರಿಂದ ಎರಡು ಸೆಟ್ ಬೇಕು, ತಲೆನೋವೂ ಜಾಸ್ತಿ.

ಊಟದ ನಂತರ ಅರ್ಧ ಗಂಟೆ ಆಡುವ ನಮಗೆ ಸೈರಾವಾನೇ ಸರಿ. ಗಿಡುಗ, ಸಲಗಗಳನ್ನು ಆ ದೊಡ್ಡ ಡಬ್ಬದಿಂದಲೇ ಎತ್ತಿಕೊಂಡೆವು. ಕೊಟ್ಟ ದುಡ್ಡಿಗೆ 4 ಕಾಯಿಯಾದರೂ ದಕ್ಕಿತು.