ಹಳೆಯ ಕಾರಿಗೆ ‘ದೊಡ್ಡ ಬ್ಯಾಟರಿ’ ಹಾಕಿಸುವ ಮೊದಲು ಇದನ್ನು ಓದಿ

ಉಡುಪಿ, ಮಂಗಳೂರು ಕಡೆ ಹಳೆಯ ಸಣ್ಣ ಕಾರು ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಮಳೆಗಾಲ ಹಿಡಿದ ಮೇಲೆ ಬ್ಯಾಟರಿ ಕೈಕೊಡುವುದು ಇಲ್ಲಿ ಮಾಮೂಲು. ಫೋನ್ ಮಾಡಿದರೆ ಮನೆ ಬಾಗಿಲಿಗೇ ಬ್ಯಾಟರಿ ತಂದು ಕೂರಿಸಿ ಹೋಗುವವರೂ ಬೇಕಾದಷ್ಟಿದ್ದಾರೆ. ಅವರಲ್ಲಿ ಯಾರಾದರೂ “ನಿಮ್ಮ ಅಳತೆಯದ್ದು ಸ್ಟಾಕ್ ಇಲ್ಲ, ಅದಕ್ಕಿಂತ ದೊಡ್ಡದೇ ಹಾಕಿಕೊಡುತ್ತೇನೆ, ನಿಮಗೇ ಲಾಭ” ಎಂದರೆ ಕೆಲಸ ಅಲ್ಲಿಗೇ ನಿಲ್ಲಿಸಿಬಿಡಿ. ಆ ಲಾಭ ನಮ್ಮ ಕಾರಿನ ಬಾನೆಟ್ಟಿನೊಳಗಿಂದ ಹೊಗೆಯಾಗಿ ಎದ್ದಿತು.

ಕಾರು ಅಪ್ಪನದು, ಮಾರುತಿ 800. ಆ ಮಾದರಿಯ ತಯಾರಿಕೆ 2014ರಲ್ಲೇ ನಿಂತಿದೆ. ನಮ್ಮದು ಅದಕ್ಕೂ ಎಷ್ಟೋ ಮೊದಲಿನದು. ಅಂಬಲಪಾಡಿಯ ಮನೆಯಿಂದ ರಥಬೀದಿಗೆ, ಮಾರುಕಟ್ಟೆಗೆ ಹೋಗಿ ಬರಲು ಅವರಿಗೆ ಅದೇ ಸಾಕು. ಜೂನ್ ತಿಂಗಳ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ನಾನು ಮಂಗಳೂರಿನಲ್ಲಿ ಕಚೇರಿಯಲ್ಲಿದ್ದೆ. ಹಳೆಯ ಬ್ಯಾಟರಿಯ ಮೇಲಿನ ಚೀಟಿಯ ಫೋಟೊ ತರಿಸಿಕೊಂಡು, ಅದರಲ್ಲಿದ್ದ ‘38ಬಿ20ಎಲ್’ ಎಂಬುದನ್ನು ಹಾಗೆಯೇ ಅಂಗಡಿಯವರಿಗೆ ಕಳುಹಿಸಿ, ಇದೇ ಆಗಬೇಕು ಎಂದೆ. “ಆಯಿತು ಸಾರ್” ಎಂಬ ಉತ್ತರ ಬಂತು. ಬ್ಯಾಟರಿ ಮಾತ್ರ ಬೇರೆಯೇ ಬಂತು: 46ಬಿ24ಆರ್‌ಎಸ್. ಹಳೆಯ ಮೆಕ್ಯಾನಿಕ್‌ಗಳು ‘ಎನ್‌ಎಸ್ 60’ ಎನ್ನುವುದು ಈ ಅಳತೆಯನ್ನೇ.

ಎರಡು ಚೀಟಿಗಳಿಗೂ ಏನು ವ್ಯತ್ಯಾಸ ಎಂದು ಗೊತ್ತಿದ್ದರೆ ಅಂಗಡಿಯವರ ಅರ್ಧ ಮಾತು ಅಲ್ಲೇ ಬಿದ್ದುಹೋಗುತ್ತದೆ. ಇದು ಜಪಾನಿನ ಮಾನದಂಡದ ಬರವಣಿಗೆ. ನಮ್ಮ ಮಾರುತಿ, ಹೋಂಡಾ, ಟೊಯೊಟಾ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಮೊದಲ 38 ಎಂಬುದು ಬ್ಯಾಟರಿಯ ಸಾಮರ್ಥ್ಯದ ದರ್ಜೆ, ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ) ಅಲ್ಲ. ಈ ಅಳತೆಯ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಅವರ್‌ನದು. ‘38 ಆಂಪಿಯರ್’ ಎಂದು ಹೇಳಿ ಮಾರುವವರನ್ನು ನಂಬಬೇಡಿ. ‘ಬಿ’ ಎಂಬುದು ಪೆಟ್ಟಿಗೆಯ ಅಗಲ ಮತ್ತು ಎತ್ತರದ ವರ್ಗ. ಮುಂದಿನ 20 ಉದ್ದ, ಸೆಂಟಿಮೀಟರ್ ಲೆಕ್ಕದಲ್ಲಿ. ಅದರ ಮುಂದಿನ ‘ಎಲ್’ ಅಥವಾ ‘ಆರ್’ ಪ್ಲಸ್ ಎಲ್ಲಿದೆ ಎಂದು ತಿಳಿಸುತ್ತದೆ; ಕೊನೆಯ ‘ಎಸ್’ ವಿಚಾರ ಮುಂದೆ ಹೇಳುತ್ತೇನೆ. ಟರ್ಮಿನಲ್‌ಗಳಿರುವ (ಕೇಬಲ್ ಸಿಕ್ಕಿಸುವ ಗೂಟಗಳಿರುವ) ಉದ್ದದ ಅಂಚು ನಿಮ್ಮ ಕಡೆಗೆ ಬರುವಂತೆ ನಿಂತು ನೋಡಿದರೆ ‘ಎಲ್’ ಬ್ಯಾಟರಿಯಲ್ಲಿ ಪ್ಲಸ್ ಬಲಕ್ಕೆ, ‘ಆರ್’ ಬ್ಯಾಟರಿಯಲ್ಲಿ ಎಡಕ್ಕೆ ಇರುತ್ತದೆ. ತಲೆಕೆಳಗಾಗಿದೆ ಎನ್ನಿಸುತ್ತದೆ, ಆದರೆ ಇರುವುದೇ ಹಾಗೆ.

ಅಂದರೆ ನಮ್ಮ ಮನೆಗೆ ಬಂದದ್ದು ನಾಲ್ಕು ಸೆಂಟಿಮೀಟರ್ ಹೆಚ್ಚು ಉದ್ದದ, ಪ್ಲಸ್ ಅದಲುಬದಲಾಗಿರುವ ಬ್ಯಾಟರಿ. ಕೂರಿಸಲು ಬಂದ ಹುಡುಗ ಅದಕ್ಕೆ ಮಾಡಿದ ಉಪಾಯಗಳನ್ನು ಒಂದೊಂದಾಗಿ ಹೇಳುತ್ತೇನೆ, ಏಕೆಂದರೆ ಇವುಗಳಲ್ಲಿ ಯಾವುದನ್ನು ಕಂಡರೂ ನೀವು ತಡೆಯಬೇಕು. ಪ್ಲಸ್ ಸರಿಯಾದ ಬದಿಗೆ ಬರಲೆಂದು ಬ್ಯಾಟರಿಯನ್ನೇ ಹಿಂದುಮುಂದಾಗಿ ತಿರುಗಿಸಿ ಇಟ್ಟ. ಬದಿಯೇನೋ ಸರಿಯಾಯಿತು, ಆದರೆ ಎರಡೂ ಟರ್ಮಿನಲ್‌ಗಳು ಆಚೆಯ ಅಂಚಿಗೆ ಹೋದವು. ಕೇಬಲ್ ಎಳೆದು ಬಿಗಿಯಾಯಿತು. ಟ್ರೇಯ ಉದ್ದ ಸಾಲದೆ ಬ್ಯಾಟರಿಯ ಒಂದು ತುದಿ ಟ್ರೇಯ ಅಂಚಿನ ಮೇಲೆಯೇ ಹತ್ತಿ ಕುಳಿತಿತು. ಹಾಗೆ ಓರೆಯಾದ ಮೇಲೆ ಮೇಲಿನಿಂದ ಹಿಡಿದಿಡುವ ಕಬ್ಬಿಣದ ಪಟ್ಟಿ ಕೂರುವುದುಂಟೇ? ಅದನ್ನು ಡಿಕ್ಕಿಗೆ ಹಾಕಿ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದ. ಹೊಸ ಬ್ಯಾಟರಿಯ ಟರ್ಮಿನಲ್ ದಪ್ಪ, ನಮ್ಮ ಕಾರಿನ ಕೇಬಲ್ ತುದಿಯ ಕ್ಲಾಂಪ್ ಸಣ್ಣದು; ಸ್ಕ್ರೂಡ್ರೈವರ್ ತೂರಿಸಿ ಕ್ಲಾಂಪಿನ ಬಾಯಿ ಅಗಲಿಸಿ, ಮೇಲಿನಿಂದ ಸ್ಪಾನರ್‌ನಲ್ಲಿ ಬಡಿದು ಇಳಿಸಿದ. ಅಷ್ಟಾದ ಮೇಲೆ ಪ್ಲಸ್ ಮೇಲಿನ ಕೆಂಪು ರಬ್ಬರ್ ಟೋಪಿ ಮುಚ್ಚಲಿಲ್ಲ. ಅದನ್ನೂ ತೆಗೆದು ಪಕ್ಕಕ್ಕಿಟ್ಟ. ಇದು ನಮ್ಮ ಬ್ಯಾಟರಿ ಅಲ್ಲವಲ್ಲ ಎಂದು ಅಪ್ಪ ಕೇಳಿದ್ದಕ್ಕೆ “ಎಂತದೂ ಆಗುವುದಿಲ್ಲ ಅಂಕಲ್, ಇದು ಪವರ್ ಜಾಸ್ತಿಯದ್ದು” ಎಂದನಂತೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸ್ಟಾರ್ಟ್ ಆದ ಕಾರಿನ ಎದುರು ಗಿರಾಕಿಯ ವಾದ ನಡೆಯುವುದಿಲ್ಲ.

ಮುಂದಿನ ವಾರ ಅಪ್ಪ, ಅಮ್ಮ ಸುರತ್ಕಲ್‌ಗೆ ಹೊರಟಿದ್ದರು. ಪಡುಬಿದ್ರಿ ದಾಟುವಾಗ ಗುಂಡಿಯೊಂದಕ್ಕೆ ಚಕ್ರ ಇಳಿದದ್ದೇ ತಡ, ಮುಂದುಗಡೆ ಚಟಾರನೆ ಸದ್ದು, ಸುಟ್ಟ ರಬ್ಬರಿನ ವಾಸನೆ, ಬಾನೆಟ್ಟಿನ ಸಂದಿಯಿಂದ ಹೊಗೆ. ಅಪ್ಪ ಬದಿಗೆ ನಿಲ್ಲಿಸಿ ಅಮ್ಮನನ್ನು ಇಳಿಸಿದರು. ಪಕ್ಕದಲ್ಲೇ ಇದ್ದ ಪಂಕ್ಚರ್ ಅಂಗಡಿಯ ವ್ಯಕ್ತಿ ಓಡಿ ಬಂದು, ಗೋಣಿಚೀಲದಿಂದ ಕೈ ಮುಚ್ಚಿಕೊಂಡು ಬಾನೆಟ್ ಎತ್ತಿ, ಮೈನಸ್ ಕ್ಲಾಂಪನ್ನು ಸಡಿಲಿಸಿ ಕಿತ್ತರು. ಅವರ ಉಪಕಾರ ದೊಡ್ಡದು. ನಾನು ಹೋಗಿ ನೋಡಿದಾಗ ಬ್ಯಾಟರಿ ಇನ್ನಷ್ಟು ವಾಲಿತ್ತು. ಬಾನೆಟ್ಟಿನ ಒಳಮೈಯ ಉಕ್ಕಿನ ಪಟ್ಟಿಯಲ್ಲಿ ಕಡಲೆಬೇಳೆಯಷ್ಟು ಅಗಲದ ಕಪ್ಪು ಕಚ್ಚು, ಅದರ ನೇರ ಕೆಳಗೆ ಪ್ಲಸ್ ಕ್ಲಾಂಪಿನ ಬೋಲ್ಟ್ ತಲೆ ಕರಗಿ ಉರುಟಾಗಿತ್ತು. ಕೇಬಲ್ಲಿನ ಹೊದಿಕೆ ಗೇಣುದ್ದ ಕರಗಿ ತಾಮ್ರ ಕಾಣುತ್ತಿತ್ತು. ಕಾರಿನ ಇಡೀ ಲೋಹದ ಮೈ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಅದಕ್ಕೆ ತಾಗಿದರೆ ನೂರಾರು ಆಂಪಿಯರ್ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ ಎಂಬುದನ್ನೂ ನೆನಪಿಡಿ. ಆ ಕಿಡಿಗೆ ಬ್ಯಾಟರಿಯೇ ಸಿಡಿಯಬಹುದಿತ್ತು.

ಈ ಕಥೆ ಹೇಳಿದಾಗ ಗುರುತಿನವರೊಬ್ಬರು “ಹೆಚ್ಚು ಆಂಪಿಯರ್ ಹಾಕಿದ್ದಕ್ಕೇ ವೈರ್ ಸುಟ್ಟದ್ದು” ಎಂದರು. ಅದು ತಪ್ಪು. ಬ್ಯಾಟರಿ 35ರ ಬದಲು 45 ಆಂಪಿಯರ್-ಅವರ್ ಆದ ಮಾತ್ರಕ್ಕೆ ವೈರ್ ಸುಡುವುದಿಲ್ಲ. ಸೆಲ್ಫ್ ಮೋಟಾರು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಹಾಗೆಯೇ ದೊಡ್ಡದು ಹಾಕಿದ ಮಾತ್ರಕ್ಕೆ ಬಾಳಿಕೆ ಹೆಚ್ಚುತ್ತದೆ ಎಂಬುದಕ್ಕೂ ಆಧಾರವಿಲ್ಲ. ನಮ್ಮನ್ನು ಕೆಡಿಸಿದ್ದು ಪೆಟ್ಟಿಗೆಯ ಉದ್ದ, ಟರ್ಮಿನಲ್ಲಿನ ಜಾಗ ಮತ್ತು ದಪ್ಪ, ಹಿಡಿತವಿಲ್ಲದೆ ಕುಳಿತದ್ದು. ಬಿಗಿಯಿಲ್ಲದ ಬ್ಯಾಟರಿ ಕಿಡಿ ಹಾರಿಸದಿದ್ದರೂ ಬೇಗ ಸಾಯುತ್ತದೆ: ಅಲುಗಾಟಕ್ಕೆ ಒಳಗಿನ ಸೀಸದ ಫಲಕಗಳ ಮೇಲಿನ ಪದಾರ್ಥ ಉದುರಿ ತಳ ಸೇರುತ್ತದೆ. ನಮ್ಮ ರಸ್ತೆಗಳಲ್ಲಿ ಆ ಕೆಲಸ ಬಹಳ ಬೇಗ ಆಗುತ್ತದೆ.

ಟರ್ಮಿನಲ್ ದಪ್ಪದ ಬಗ್ಗೆ ಯಾರೂ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ಸಣ್ಣ ಕಾರುಗಳ ತೆಳು ಟರ್ಮಿನಲ್ಲಿನ ಪ್ಲಸ್ ಬುಡದಲ್ಲಿ ಸುಮಾರು 14.7 ಮಿ.ಮೀ., ದಪ್ಪ ಬಗೆಯದ್ದು 19.5 ಮಿ.ಮೀ. ಬಿ24 ಅಳತೆಯಲ್ಲಿ ಚೀಟಿಯ ಕೊನೆಗೆ ‘ಎಸ್’ ಇದ್ದರೆ ದಪ್ಪ ಟರ್ಮಿನಲ್ ಎಂದರ್ಥ. ದೊಡ್ಡ ಕ್ಲಾಂಪು ಹೊಂದಲೆಂದು ತೆಳು ಟರ್ಮಿನಲ್ಲಿಗೆ ತೊಡಿಸುವ ಸೀಸದ ಉಂಗುರ ಸಿಗುತ್ತದೆ. ದಪ್ಪ ಟರ್ಮಿನಲ್ಲಿಗೆ ಸಣ್ಣ ಕ್ಲಾಂಪನ್ನು ಬಡಿದು ಕೂರಿಸುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಯುರೋಪಿನ ಕಾರುಗಳ ‘ಡಿನ್’ ಬ್ಯಾಟರಿ ಬೇರೆಯದೇ ಜಾತಿ: ಕುಳ್ಳಗಿರುತ್ತದೆ, ಬುಡದ ಅಂಚಿನಲ್ಲಿ ಹಿಡಿದು ಬೋಲ್ಟ್ ಮಾಡುತ್ತಾರೆ. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹೊಂದಿಸುವ ಗೊಡವೆಯೇ ಬೇಡ.

ಇನ್ನೂ ಒಂದು ಮಾತು. ಪಡುಬಿದ್ರಿಯಿಂದ ಕಾರನ್ನು ಎಳೆಸಿ ತಂದ ಮೇಲೆ ನಮ್ಮ ಪರಿಚಯದ ಗ್ಯಾರೇಜಿನವರು ಕೇಬಲ್ ತುದಿಗಳನ್ನು ತೋರಿಸಿದರು. ಒಳಗೆಲ್ಲ ಹಸಿರು, ಬಿಳಿ ಪುಡಿ. ಕಡಲಿನ ಉಪ್ಪುಗಾಳಿ, ನಾಲ್ಕು ತಿಂಗಳ ತೇವ. ಕರಾವಳಿಯಲ್ಲಿ ಎಷ್ಟೋ ಸಲ ಸತ್ತಿರುವುದು ಬ್ಯಾಟರಿಯಲ್ಲ, ಕ್ಲಾಂಪು. ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿ ನೋಡಿ. ಹೊಸದು ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿಸಿ: ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ, 12ರ ಕೆಳಗಿದ್ದರೆ ಬರಿದಾಗಿದೆ. ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಏರದಿದ್ದರೆ ತೊಂದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆಯದು; ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅಷ್ಟೇ.

ಹೊಸದೇ ಬೇಕಾದರೆ ಚೀಟಿಯನ್ನು ನಂಬುವುದರ ಜೊತೆಗೆ ಟ್ರೇಯನ್ನೂ ಅಳೆಯಿರಿ. ಹಳೆಯ ಕಾರಿನಲ್ಲಿ ಹಿಂದಿನ ಮಾಲೀಕರು ಏನು ಹಾಕಿಸಿದ್ದರೋ! ಕಾರಿನ ಕೈಪಿಡಿ ಇದ್ದರೆ ಅದೇ ಅಂತಿಮ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಬಂದವನು ಇದನ್ನು ಉಲ್ಟಾ ಮಾಡಿದರೆ ಅವನಿಗೆ ಕೆಲಸ ಗೊತ್ತಿಲ್ಲ ಎಂದು ತಿಳಿಯಿರಿ. ನಮ್ಮ ಹುಡುಗ ಬ್ಯಾಟರಿಯನ್ನು ತಿರುಗಿಸಿಯಾದರೂ ಇಟ್ಟ. ತಿರುಗಿಸದೆ ಕೇಬಲ್ ಇದ್ದ ಜಾಗಕ್ಕೇ ಸಿಕ್ಕಿಸಿದ್ದರೆ ಪ್ಲಸ್-ಮೈನಸ್ ಅದಲುಬದಲಾಗಿ ಆಲ್ಟರ್ನೇಟರ್‌ನ ಡಯೋಡ್‌ಗಳು ಆ ಕ್ಷಣವೇ ಸುಟ್ಟುಹೋಗಬಹುದಿತ್ತು.

ಅಂಗಡಿಯವರೊಡನೆ ಜಗಳ ಬಹಳ ಎಳೆಯಿತು. ಅವರ ಬಿಲ್ಲಿನಲ್ಲಿ ‘ಕಾರ್ ಬ್ಯಾಟರಿ – 1’ ಎಂದಷ್ಟೇ ಇತ್ತು. ಅಳತೆ ಇಲ್ಲ, ಕಾರಿನ ಮಾದರಿ ಇಲ್ಲ. ವಾರಂಟಿ ಕಾರ್ಡಿನಲ್ಲಿ ಮೊಹರು ಬಿಟ್ಟರೆ ಎಲ್ಲ ಖಾಲಿ. “ನಿಮ್ಮ ತಂದೆಯವರೇ ಒಪ್ಪಿಕೊಂಡರಲ್ಲ” ಎಂದರು. ನಾನು ಕಳುಹಿಸಿದ ಫೋಟೊ, ಅವರ “ಆಯಿತು ಸಾರ್” ಎರಡೂ ಮೊಬೈಲಿನಲ್ಲಿದ್ದವು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಮುಂದೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದ ಮೇಲೆ ಬ್ಯಾಟರಿಯ ಹಣ ವಾಪಸು ಬಂತು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಆಯೋಗದಲ್ಲಿ ಶುಲ್ಕವಿಲ್ಲ ಎಂಬುದು ಅವರಿಗೂ ಗೊತ್ತಿದ್ದಂತಿತ್ತು. ಕೇಬಲ್, ಕ್ಲಾಂಪ್, ಎಳೆಸಿದ ಖರ್ಚು ನಮ್ಮ ತಲೆಗೇ ಬಿತ್ತು. ಎಕ್ಸ್‌ಚೇಂಜಿಗೆ ಕೊಂಡುಹೋಗಿದ್ದ ಹಳೆಯ ಬ್ಯಾಟರಿಯ ಬಗ್ಗೆ ಕೇಳಿದರೆ, ಅದು ಆವತ್ತೇ ಗುಜರಿಗೆ ಹೋಯಿತು ಎಂದರು. ಹೊಸದು ಸರಿಯಾಗಿ ಕುಳಿತು, ಬಾನೆಟ್ ಮುಚ್ಚಿ, ಬಿಲ್ಲಿನಲ್ಲಿ ಪೂರ್ತಿ ಸಂಖ್ಯೆ ಬರೆಸಿಕೊಳ್ಳುವವರೆಗೆ ಹಳೆಯದನ್ನು ಕೈಬಿಡಬೇಡಿ.